ಸಣ್ಣ ಕಣ್ಣಿನ ಬಲೆಯವನು

ಬಂದರಿನಲ್ಲಿ ಐಸ್ ಶೆಡ್ಡಿನ ಹಿಂದೆ ಕೂತು ಹರಿದ ಬಲೆ ಹೆಣೆಯುತ್ತಿದ್ದವನಿಗೆ ಜನ ಇಟ್ಟ ಹೆಸರು ಬೆಣ್ಣೆ ಮಾವ. ಮಾತು ಅಷ್ಟು ಮೆತ್ತಗೆ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರೂ "ಏನಂದ್ರಿ?" ಅಂತ ಮತ್ತೊಮ್ಮೆ ಕೇಳಬೇಕು. ಸೊಂಟ ಕೈಕೊಟ್ಟ ಮೇಲೆ ಅವನು ದೋಣಿ ಹತ್ತುವುದು ಬಿಟ್ಟಿದ್ದ. ಮನೆಯಲ್ಲಿ ಹೆಂಡತಿ ಕಸ ಗುಡಿಸುವಾಗ ಪೊರಕೆಯಿಂದ ಅವನ ಪಾದಕ್ಕೆ ತಟ್ಟಿ ಮುಂದೆ ಹೋಗುತ್ತಿದ್ದಳು. ಮಂಚದ ಕಾಲಿಗೂ ಅವನ ಕಾಲಿಗೂ ಅವಳು ಭೇದ ಮಾಡಿದವಳಲ್ಲ.

ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಅವನು ಅಳಿವೆಗೆ ಹೋಗಿ ಬರುತ್ತಿದ್ದ. ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ ಮರದ ಬೇರುಗಳ ಸಂದಿಯಲ್ಲಿ ಮೀನಿನ ಮರಿಗಳು ಬೆಳೆಯುತ್ತವೆ. ಬೇರಿಗೆ ಸಿಕ್ಕಿಕೊಂಡ ಹಳೆ ಬಲೆಯ ತುಂಡು ಕಂಡರೆ ಬಿಡಿಸಿ ದಡಕ್ಕೆ ಎಳೆದು ಹಾಕುವುದು ಅವನ ಅಭ್ಯಾಸ. ಯಾರೂ ಹೇಳಿದ್ದಲ್ಲ, ಯಾರೂ ಕಂಡದ್ದೂ ಅಲ್ಲ.

ಹೀಗಿರುವಾಗ ಯೂನಿವರ್ಸಿಟಿಯಿಂದ ಒಬ್ಬ ಮೇಡಂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದರು. ಕಡಲನ್ನು ಕಡಲ ಮಕ್ಕಳೇ ಕಾಯಬೇಕು, ಅಳಿವೆಗೆ ಒಬ್ಬ ಕಾವಲುಗಾರನನ್ನು ನೀವೇ ಕೈಯೆತ್ತಿ ಆರಿಸಿ ಅಂದರು. ಕಾವಲುಗಾರನಿಗೆ ಹಸಿರು ಟೋಪಿ, ದಡದಲ್ಲಿ ಒಂದು ಗುಡಿಸಲು. ಬೆಣ್ಣೆ ಮಾವನ ಕೈಯ ಹೆಣಿಗೆ ನಿಂತಿತು. ಜೀವಮಾನದಲ್ಲಿ ಅವನು ಬಾಯಿಬಿಟ್ಟು ಏನನ್ನೂ ಬೇಕು ಅಂದವನಲ್ಲ. ಇದು ಬೇಕಿತ್ತು.

ಭಾಷಣಕ್ಕೆ ಜನ ಕೂರುವುದಿಲ್ಲವೆಂದು ಮೊದಲು ಒಂದು ಬೀದಿ ನಾಟಕ ಮಾಡುವುದೆಂದಾಯಿತು. ಅದರಲ್ಲಿ ಮುಖ್ಯ ಪಾತ್ರ ಎರಡು. ಕಡಲನ್ನು ಪ್ರೀತಿಸುವ ಒಳ್ಳೆ ಮೀನುಗಾರ ಒಬ್ಬ. ಸಣ್ಣ ಕಣ್ಣಿನ ಬಲೆ ಎಳೆದು ಮರಿಗಳನ್ನೆಲ್ಲ ಬಾಚುವ ದುರಾಸೆಯವನು ಇನ್ನೊಬ್ಬ. ಒಳ್ಳೆಯವನ ಪಾತ್ರವನ್ನು ಬೆಣ್ಣೆ ಮಾವನ ಭಾವಮೈದುನ ಎದ್ದು ನಿಂತು ಕಿತ್ತುಕೊಂಡ. ಎರಡು ದೋಣಿಯ ಯಜಮಾನ, ದೊಡ್ಡ ಗಂಟಲು. ಕತ್ತಲೆಯಲ್ಲಿ ಅಳಿವೆಗೆ ಸೊಳ್ಳೆಪರದೆಯಂಥ ಬಲೆ ಬಿಡುತ್ತಿದ್ದವನೂ ಅವನೇ. ಇದು ಗೊತ್ತಿದ್ದದ್ದು ಬೆಣ್ಣೆ ಮಾವನಿಗೆ ಮಾತ್ರ, ಯಾಕೆಂದರೆ ಆ ಬಲೆಯ ಹರುಕು ಹೊಲಿಯುತ್ತಿದ್ದವನು ಅವನು. ಹೆಂಡತಿಯ ತಮ್ಮ, ಒಲ್ಲೆ ಅನ್ನುವುದು ಹೇಗೆ?

ಕೆಟ್ಟವನ ಪಾತ್ರ ಯಾರಿಗೂ ಬೇಡ. "ನಾಳೆ ಬಂದರಲ್ಲಿ ಮುಖ ತೋರಿಸೋದು ಬೇಡ್ವಾ?" ಅಂದ ಐಸ್ ಶೆಡ್ಡಿನವನು. ಮೇಡಂ ಸುತ್ತ ನೋಡಿದರು. ಒಂದು ಉಪಕಾರ ಮಾಡಿದರೆ ಆಮೇಲೆ ನೆನಪಿಟ್ಟುಕೊಂಡಾರು ಎಂದು ಬೆಣ್ಣೆ ಮಾವ ಮೆಲ್ಲಗೆ ಕೈ ಎತ್ತಿದ.

ಅವನಿಗೆ ನಾಟಕ ಬರುತ್ತಿರಲಿಲ್ಲ. ಅದಕ್ಕೇ ಗೊತ್ತಿದ್ದ ಒಬ್ಬ ದುರಾಸೆಯವನನ್ನು ಮಾಡಿ ತೋರಿಸಿದ. ಭಾವಮೈದುನನ ನಡಿಗೆ, ಪಂಚೆ ಎತ್ತಿ ಕಟ್ಟುವ ಗತ್ತು, ಉಗುಳುವ ರೀತಿ, "ಕಡಲು ಯಾರಪ್ಪನ ಸ್ವತ್ತೋ?" ಎನ್ನುವ ಅಬ್ಬರ. ಗಂಟಲು ಎಲ್ಲಿತ್ತೋ, ಹೊರಗೆ ಬಂತು. ಎಲ್ಲರಿಗಿಂತ ಹೆಚ್ಚು ನಕ್ಕವನು ಭಾವಮೈದುನ. "ಭಾವ, ಇಂಥ ಹಲ್ಕಾ ಮನುಷ್ಯನ್ನ ಎಲ್ಲಿ ನೋಡಿದ್ರಿ?" ಎಂದು ಬೆನ್ನು ಚಪ್ಪರಿಸಿದ. ಆಮೇಲೆ ತನ್ನ ಸರದಿ ಬಂದಾಗ ಸತ್ತ ಮರಿಯೊಂದನ್ನು ಅಂಗೈಲಿಟ್ಟುಕೊಂಡು ಎಂಥಾ ಅಳು ಅತ್ತನೆಂದರೆ, ಮೀನು ಮಾರುವ ಹೆಂಗಸರೆಲ್ಲ ಸೆರಗಿಗೆ ಕಣ್ಣೊರೆಸಿಕೊಂಡರು.

ಮರುದಿನದಿಂದ ಬೆಣ್ಣೆ ಮಾವನ ಬೆಣ್ಣೆ ಕರಗಿತು. ದಾರಿಯಲ್ಲಿ ಹೋದರೆ "ಇವತ್ತು ಎಷ್ಟು ಮರಿ ಬಾಚಿದ್ರಿ?" ಎಂಬ ಕೂಗು. ಮೊದಲು ನಗುವಿಗೆ ಅಂದದ್ದು. ಬರಬರುತ್ತ ನಗು ಹೋಗಿ ಪ್ರಶ್ನೆ ಉಳಿಯಿತು. "ಅಷ್ಟು ಚೆನ್ನಾಗಿ ಬರಬೇಕಾದ್ರೆ ಒಳಗೆ ಏನೋ ಇರಬೇಕಲ್ವಾ?" ಅಂದಳು ನೆರೆಯವಳು, ಅವನ ಹೆಂಡತಿಗೇ.

ಕೈಯೆತ್ತುವ ದಿನ ಬಂತು. ಬೆಳಿಗ್ಗೆ ಎಂದಿನಂತೆ ಅಳಿವೆಗೆ ಹೋದವನಿಗೆ ಬೇರಿನಿಂದ ಬೇರಿಗೆ ಕಟ್ಟಿದ ಆ ಸೊಳ್ಳೆಪರದೆ ಬಲೆ ಸಿಕ್ಕಿತು. ತಾನೇ ಹಾಕಿದ ಗಂಟು, ಗುರುತು ಸಿಗದೆ ಇರುತ್ತದೆಯೇ? ಬಿಚ್ಚಿ, ಮರಿಗಳನ್ನು ನೀರಿಗೆ ಕೊಡವಿ, ಬಲೆಯನ್ನು ಹೆಗಲಿಗೆ ಹಾಕಿಕೊಂಡು ದಡ ಹತ್ತಿದರೆ ಎದುರಿಗೆ ಐಸ್ ಶೆಡ್ಡಿನವನು.

"ಸಿಕ್ಕಿಬಿದ್ದ್ರಲ್ಲ ಮಾವ!"

ಸಭೆಯ ನಡುವೆ ಬಲೆ ಹರವಿದರು. ಮೇಡಂ ಬೇಸರದಿಂದ ಕೇಳಿದರು, "ಇದು ಯಾರದು? ನಿಜ ಹೇಳಿ."

ಇಸ್ತ್ರಿ ಮಾಡಿದ ಅಂಗಿ ತೊಟ್ಟ ಭಾವಮೈದುನ ಆಕಾಶ ನೋಡಿದ. ಹೆಂಗಸರ ಸಾಲಿನಲ್ಲಿ ನಿಂತಿದ್ದ ಹೆಂಡತಿ ತಮ್ಮನ ಮುಖ ನೋಡಿದಳು, ಬಲೆ ನೋಡಿದಳು, ಗಂಡನ ಮುಖ ನೋಡಿದಳು. ಅವಳ ಕಣ್ಣು ತುಂಬಿತು. ಒಂದು ಹೆಸರು ಹೇಳಿದರೆ ಟೋಪಿ ತನ್ನದು, ಅವಳಿಗೆ ತವರು ಇಲ್ಲ.

"ನಂದೇ," ಅಂದ ಬೆಣ್ಣೆ ಮಾವ.

ಅವತ್ತು ಯಾರೂ "ಏನಂದ್ರಿ?" ಅನ್ನಲಿಲ್ಲ. ಅಷ್ಟು ಮೆತ್ತಗೆ ಹೇಳಿದ್ದು ಹಿಂದಿನ ಸಾಲಿಗೂ ಕೇಳಿಸಿತ್ತು.

ಭಾವಮೈದುನನಿಗೆ ಕೈಗಳು ಎದ್ದವು. ಬೆಣ್ಣೆ ಮಾವನೂ ಎತ್ತಿದ. ಎತ್ತದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು.

ಆ ಸಂಜೆ ಭಾವಮೈದುನ ಬಲೆಯನ್ನು ಸುತ್ತಿ ತಂದು ಅವನ ಜಗಲಿಯ ಮೇಲಿಟ್ಟ. "ಇದು ನಮ್ಮನೇಲಿ ಇರೋದು ಚೆನ್ನಾಗಿರಲ್ಲ ಭಾವ. ನಿಮ್ಮದೇ ಅಂತ ನೀವೇ ಹೇಳಿದ್ದೀರಲ್ಲ." ಹೆಂಡತಿ ಅದನ್ನು ಅಂಗಳದಲ್ಲಿ ಒಣಹಾಕಿದ ಮೀನಿನ ಮೇಲೆ ಹೊದಿಸಿದಳು. ನೊಣ ನುಸುಳದು, ಅಷ್ಟು ಒಳ್ಳೆ ಬಲೆ.

ಅಚ್ಚರಿಯೆಂದರೆ ಟೋಪಿ ತಲೆಗೆ ಏರಿದ ಮೇಲೆ ಭಾವಮೈದುನ ನಿಜವಾಗಿಯೂ ಕಾಯತೊಡಗಿದ. ಮಾಡುವುದೇನು, ದಿನಬೆಳಗಾದರೆ ಮೇಡಂ ಯಾರನ್ನಾದರೂ ಕರೆತಂದು "ಇವರೇ ನಮ್ಮ ಅಳಿವೆಯ ರಕ್ಷಕರು" ಅನ್ನುತ್ತಿದ್ದರು. ಪಕ್ಕದವರ ದೋಣಿ ಹತ್ತಿರ ಬಂದರೂ ಕೈ ಬೀಸಿ ಅಟ್ಟುತ್ತಿದ್ದ. ತಾನೇ ಕಟ್ಟಿ ಅಭ್ಯಾಸವಿದ್ದವನಾದ್ದರಿಂದ ಯಾವ ಬೇರಿಗೆ ಯಾರು ಬಲೆ ಕಟ್ಟಿಯಾರು ಎಂಬುದು ಅವನಿಗೆ ಮೊದಲೇ ಹೊಳೆಯುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಬೇರಿನ ಸಂದಿಯಲ್ಲಿ ಮರಿಗಳು ಕಪ್ಪಗೆ ಕಿಕ್ಕಿರಿದಿದ್ದವಂತೆ. ನೋಡಿದವರು ಹೇಳಿದರು.

ತಾನೂ ನೋಡೋಣವೆಂದು ಒಂದು ಬೆಳಿಗ್ಗೆ ಬೆಣ್ಣೆ ಮಾವ ದಡದ ದಾರಿ ಹಿಡಿದ. ಗುಡಿಸಲಿನಿಂದ ಭಾವಮೈದುನ ಎದ್ದು ಬಂದು ಅಡ್ಡ ನಿಂತ. ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ, ಕೆಲಸವಿತ್ತು.

"ಬೇಜಾರು ಮಾಡ್ಕೋಬೇಡಿ ಭಾವ. ನಿಮ್ಮನ್ನ ಒಳಗೆ ಬಿಡೋ ಹಾಗಿಲ್ಲ. ನೋಡಿದವರು ಏನಂತಾರೆ ಹೇಳಿ?"

"ಸರಿ ಬಿಡು," ಎಂದು ಅವನು ಬಂದ ದಾರಿಯಲ್ಲೇ ತಿರುಗಿದ.

ಇಷ್ಟು ಬೇಗ ಬಂದಿರಲ್ಲ ಎಂದು ಹೆಂಡತಿ ಕೇಳಿದಳು.

"ಕಾವಲು ಭಾರಿ ಬಿಗಿಯಾಗಿದೆ," ಅಂದ.

"ಮತ್ತೆ? ಯಾರ ತಮ್ಮ ಅಂದ್ಕೊಂಡ್ರಿ!" ಎಂದು ಅವಳು ಚಹಾಕ್ಕೆ ನೀರಿಟ್ಟಳು.