ಹೊಟ್ಟಿಯೊಳಗಿನವರ ಹೆಸರು

ನಮ್ಮ ಮನಿಯಾಗ ಸೊಸಿಗೆ ಹೆಸರಿಲ್ಲ. ಯಾವ ಊರಿಂದ ಬಂದಾಳೋ ಆ ಊರೇ ಆಕೀ ಹೆಸರು. ದೊಡ್ಡಾಕಿ ದಾಳಿಂಬದಾಕಿ, ಸಣ್ಣಾಕಿ ಲೋಹಾರಾದಾಕಿ. ನನಗೂ ಕಾಸಾರಶಿರಸಿಯಾಕಿ ಅಂತಿದ್ದರು. ಅನ್ನೋರೆಲ್ಲ ಸತ್ತ ಮ್ಯಾಲ ಬರೇ ಮುದುಕಿ ಆಗೀನಿ.

ಭೂಕಂಪದಾಗ ಮನಿ ಬಿದ್ದ ಮ್ಯಾಲ ಇದ್ದ ತಗಡಿನ ಪತ್ರಾ ಶೆಡ್ಡು ಬಿಟ್ಟು ಹೊಸ ಮನಿಗೆ ಬಂದು ಎರಡು ಮಳಿಗಾಲ ಆಗಿತ್ತು. ಲೋಹಾರಾದಾಕೀ ಮಗಳು ಉಮರ್ಗಾದಾಗ ಬಾರಾವಿ, ಅಂದ್ರ ಹನ್ನೆರಡನೇದು, ಕಲೀತಿದ್ದಳು. ಬಯಾಲಜಿಯಾಗ ಒಮ್ಮೆ ಬಿದ್ದಿದ್ದಳು. ಇನ್ನೊಮ್ಮೆ ಬಿದ್ದರ ನರ್ಸ್ ಆಗೋ ಮಾತು ಬಿಟ್ಟು ಹೊಲಕ್ಕ ನಡಿ ಅಂತ ಅವರಪ್ಪ, ನನ್ನ ಸಣ್ಣ ಮಗ, ಹೇಳಿಬಿಟ್ಟಿದ್ದ. ಅಂವಾ ಹೇಳಿದ್ದು ಮಾಡಾಂವಾ. ನಾನೇ ಹಡದೀನಿ, ನನಗ ಗೊತ್ತದ.

ಮರುದಿನ ಆಕಿದು ಬಾಯಿಲೇ ಕೇಳೋ ಪರೀಕ್ಷಾ ಇತ್ತು. ನಾ ತೊಗರಿ ಹಸನ ಮಾಡಕೋತ ಕೂತಿದ್ದೆ. ಆಕಿ ಎದುರಿಗೆ ಕೂತು ಲೈಪೇಸ್, ಲ್ಯಾಕ್ಟೇಸ್, ಮಾಲ್ಟೇಸ್ ಅಂತ ಒದರಕೋತ ಇದ್ದಳು. ಕೇಳಿ ಕೇಳಿ ತಲಿ ಕೆಟ್ಟು, "ಯಾರವರು?" ಅಂದೆ.

"ಎಂಜೈಮ್, ಆಯಿ. ಉಂಡದ್ದನ್ನ ಒಡೀತಾವ."

"ಯಾವ ಊರಿನವು?"

"ಇವಕ್ಕ ಊರಿಂದ ಹೆಸರಿಡಂಗಿಲ್ಲ. ಯಾವುದನ್ನ ಒಡೀತದೋ ಅದರ ಹೆಸರಿಗೆ ಏಸ್ ಹಚ್ಚೋದು. ಹಾಲಿನ ಸಕ್ಕರಿ ಲ್ಯಾಕ್ಟೋಸ್. ಅದನ್ನ ಒಡಿಯಾಕಿ ಲ್ಯಾಕ್ಟೇಸ್."

"ಹಂಗಾದ್ರ ದಾಳಿಂಬದಾಕಿ ಕಪ್ಪೇಸ್." ಆ ವಾರ ಮೂರು ಕಪ್ಪು ಒಡದಿದ್ದಳು.

"ಇಲ್ಲೇ ಇದ್ದೀನ್ರೀ ಅತ್ತಿ," ಅಂತ ಅಡಗಿಮನಿಯಿಂದ ಆಕೀ ಧ್ವನಿ ಬಂತು.

"ಪೆಪ್ಸಿನ್‌ಗೆ ಮತ್ತ ಇನ್ನೊಂದೆರಡಕ್ಕ ಏಸ್ ಇಲ್ಲ, ಆಯಿ. ಈ ಪದ್ಧತಿ ಬರೋಕಿಂತ ಮೊದಲೇ ಅವಕ್ಕ ಹೆಸರಿಟ್ಟಿದ್ರಂತ."

"ಇರಲಿ. ಅವಷ್ಟು ನೆನಪಿಡು. ಉಳದದ್ದಕ್ಕ ಪದ್ಧತಿ ಗೊತ್ತಾತಲ್ಲ, ಇಷ್ಟ್ಯಾಕ ಒದರತಿ?"

ಆಕಿ ಅದನ್ನೇ ಖರೇ ತಿಳದು ಪುಸ್ತಕ ಮುಚ್ಚಿ ಮಲಗಿಬಿಟ್ಟಳು. ಸಹಿ ಮಾಡಾಕ ಬರದ ಮುದುಕಿ ಮಾತಿಗೆ ಈ ಪೋರಿ ಫೇಲಾದರ ಯಾರ ಹಣಿ ಬಡಕೋಬೇಕು?

ಪರೀಕ್ಷಾದಾಗ ಮಾಸ್ತರ ಕೇಳಿದ್ದು ಆಕಿ ಓದದೇ ಇದ್ದದ್ದು: ಯೂರಿಯಾ ಒಡಿಯೋದು ಯಾವುದು? ಯೂರಿಯಾ ಅಂದ್ರ ಹೊಲಕ್ಕ ಹಾಕೋ ಗೊಬ್ಬರ, ಅದು ಹೊಟ್ಟಿಗ್ಯಾಕ ಬಂತು ಅಂತ ಗಾಬರಿ ಆದಳಂತ. ಆಮ್ಯಾಲ ಏಸ್ ಹಚ್ಚಿ, "ಯೂರಿಯೇಸ್ ರೀ," ಅಂದಳು.

ಸರಿ ಇತ್ತು. ಅದು ಹೊಲದ ಮಣ್ಣಿನಾಗೂ ಇರ್ತದ ಅಂತ ಮಾಸ್ತರೇ ಹೇಳಿದರಂತ.

ಆ ಸಲ ಬಯಾಲಜಿ ಪಾಸಾದಳು. ಮಗನಿಗೆ ಅಂದೆ, "ಇಷ್ಟು ವರ್ಷ ನಿನ್ನ ಹೊಲದಾಗ ಗೊಬ್ಬರ ಯಾರು ತಿಂದಾರ, ಮಗಳನ್ನ ಕೇಳು."

ಅಂವಾ ಕೇಳಲಿಲ್ಲ. ನರ್ಸಿಂಗ್ ಫಾರ್ಮು ಎಲ್ಲಿ ಅಂದ, ಸಹಿ ಮಾಡಿದ.