ಸೂಜಿಯಕ್ಕನ ಎಂಟು ದಿನದ ಚೀಟಿ

ಹೊಳೆಯ ಮೇಲೆ ಮಂಜು ಇನ್ನೂ ಮಲಗಿದೆ. ಆಚೆಯ ದಡ ಇದೆಯೋ ಇಲ್ಲವೋ ಎಂಬಂತೆ ಬೆಳ್ಳಗೆ ಕರಗಿಹೋಗಿದೆ. ಈಚೆಯ ದಡದಲ್ಲಿ, ದೋಣಿ ಕಟ್ಟುವ ಗೂಟದಿಂದ ಹತ್ತು ಹೆಜ್ಜೆ ದೂರದ ಹಲಗೆಯ ಕೋಣೆಯೊಳಗೆ ಒಬ್ಬರು ಮೂಡಣದ ಕಿಟಕಿ ತೆರೆದು ಬೆಳಕಿಗಾಗಿ ಕಾಯುತ್ತಿದ್ದಾರೆ. ಮೇಜಿನ ಮೇಲೆ ಐದು ಫೋನುಗಳು ಹಳೆಯ ಹತ್ತಿಬಟ್ಟೆ ಹೊದ್ದು ಮಲಗಿವೆ. ತಲೆಯ ಮೇಲೊಂದು ಬಲ್ಬು ಇದೆ, ಅದನ್ನು ಹಾಕುವುದಿಲ್ಲ.

"ಬಲ್ಬಿನ ಬೆಳಕು ನೆತ್ತಿ ಮೇಲಿಂದ ಬೀಳುತ್ತೆ, ಅದ್ರಲ್ಲಿ ಧೂಳು ಕಾಣಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬರುತ್ತಲ್ಲ, ಆಗ ಒಂದೆಳೆ ನೂಲಿದ್ರೂ ಅದಕ್ಕೊಂದು ನೆರಳು ಬೀಳುತ್ತೆ," ಎಂದು ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ.

ಊರಿನವರಿಗೆಲ್ಲ ಇವರು ಸೂಜಿಯಕ್ಕ. ಮೊದಲು ಬಟ್ಟೆ ಹೊಲಿಯುತ್ತಿದ್ದರು. ಹೊಲಿಗೆ ಬಿಟ್ಟು ಫೋನು ರಿಪೇರಿ ಹಿಡಿದು ಹದಿನಾರು ವರ್ಷವಾದರೂ ಸೂಜಿ ಕೈಬಿಟ್ಟಿಲ್ಲ. ಚಾರ್ಜರ್ ಚುಚ್ಚುವ ತೂತಿನಲ್ಲಿ ಸೇರಿಕೊಂಡ ಜೇಬಿನ ನೂಲುಧೂಳನ್ನು ಅದರ ತುದಿಯಿಂದಲೇ ಹೊರಗೆಳೆಯುತ್ತಾರೆ. ದಿನಕ್ಕೆ ನಾಲ್ಕೈದು ಫೋನು ಬರುತ್ತವೆ. ಕೆಟ್ಟುಹೋಯಿತೆಂದು ತಂದವುಗಳಲ್ಲಿ ಒಂದೆರಡಕ್ಕಾದರೂ ಈ ಸೂಜಿಯೇ ಸಾಕಾಗುತ್ತದೆ.

ಬಿಸಿಲಿನ ಮೊದಲ ಗೆರೆ ಮೇಜು ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ದೋಣಿಯವನು ನಿಂತಿದ್ದಾನೆ. ಕೈಯಲ್ಲಿ ಫೋನು. ಅದರ ಬೆನ್ನಿಗೊಂದು ಚೀಟಿ ಅಂಟಿದೆ.

"ಎಂಟು ದಿನ ಆಯ್ತಕ್ಕ. ಹತ್ತು ಗಂಟೆಗೆ ಆ ವ್ಯಾನು ಬರುತ್ತೆ. ಏನಂತ ಹೇಳಲಿ?"

"ಮೊದ್ಲು ಕೂತ್ಕೊ ಮಾರಾಯ. ವ್ಯಾನು ನಿನ್ನನ್ನೇನು ಹೊತ್ಕೊಂಡು ಹೋಗಲ್ಲ."

ವ್ಯಾನು ಪೇಟೆಯ ಫೋನಂಗಡಿಯದು. ತಿಂಗಳು ತಿಂಗಳು ಚಂದಾ ಕಟ್ಟಿದರೆ ಹೊಸ ಫೋನು. ವರ್ಷ ತುಂಬಿದಾಗ ಅದನ್ನು ಮರಳಿಸಿ ಇನ್ನೊಂದು ಹೊಸದು. ನಡುವೆ ಕೆಟ್ಟರೆ ಬದಲಿ. ಕೈಯಲ್ಲಿರುವ ಹಳೆಯದನ್ನು ಮಾತ್ರ ಇವತ್ತೇ ಒಪ್ಪಿಸಬೇಕು. ದೋಣಿಯವನಿಗೆ ಇದು ಶೋಕಿಯ ಮಾತಲ್ಲ. ಆಚೆ ದಡದವರು ಫೋನು ಮಾಡಿದರಷ್ಟೇ ಅವನು ದೋಣಿ ಒಯ್ಯುವುದು. ಹದಿನೈದು ದಿನದ ಹಿಂದೆ ಒಬ್ಬ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ಅಲ್ಲಿ ಒಂದು ಗಂಟೆ ನಿಂತಿದ್ದಳು. ದೋಣಿಯವನ ಫೋನು ಸತ್ತಿತ್ತು, ಮಂಜಿನಲ್ಲಿ ಅವಳ ಕೂಗೂ ದಾಟಿ ಬಂದಿರಲಿಲ್ಲ. ಮಗು ಈಗ ಹುಷಾರಾಗಿದೆ. ಆದರೆ ಅವನ ಹೆಂಡತಿ ಅವತ್ತಿನಿಂದ ಅವನ ಜೊತೆ ಸರಿಯಾಗಿ ಮಾತಾಡಿಲ್ಲ.

"ಐದು ವರ್ಷದ ಈ ಡಬ್ಬಾನ ಇನ್ನೆಷ್ಟು ದಿನ ತಬ್ಕೊಂಡಿರ್ತೀಯ ಅಂತಾಳಕ್ಕ. ನನ್ನನ್ನಾದ್ರೂ ಇಷ್ಟು ಜೋಪಾನ ಮಾಡಿದ್ರೆ ಆಗ್ತಿತ್ತಂತೆ."

"ಅದು ನ್ಯಾಯವಾದ ಮಾತೇ," ಎನ್ನುತ್ತ ಸೂಜಿಯಕ್ಕ ಚೀಟಿ ಕಿತ್ತು ಕಿಟಕಿಗೆ ಹಿಡಿಯುತ್ತಾರೆ.

ಈ ಚೀಟಿಯ ಹಿಂದೆ ಒಂದು ತಪ್ಪಿನ ಕತೆಯಿದೆ. ಕೆಲಸ ಹಿಡಿದ ಹೊಸತರಲ್ಲಿ ಒಬ್ಬ ಮೇಷ್ಟ್ರ ಫೋನು ಬಿಚ್ಚಿ ಮತ್ತೆ ಜೋಡಿಸುವಾಗ, ಗಿಡ್ಡ ಸ್ಕ್ರೂ ಕೂರಬೇಕಾದ ತೂತಿಗೆ ಉದ್ದದ್ದನ್ನು ತಿರುಗಿಸಿಬಿಟ್ಟರು. ಎರಡಕ್ಕೂ ವ್ಯತ್ಯಾಸ ಅಕ್ಕಿಕಾಳಿನ ಮೂತಿಯಷ್ಟು. ಅಷ್ಟೇ ಸಾಕಾಯಿತು, ಒಳಗಿನ ಸರ್ಕ್ಯೂಟ್ ಹಲಗೆ ತೂತಾಗಿ ಫೋನು ಮತ್ತೆ ಏಳಲಿಲ್ಲ. "ನಿಮ್ಮ ಫೋನು ಹಳೇದಾಗಿತ್ತು ಅಂದಿದ್ರೆ ಮೇಷ್ಟ್ರು ನಂಬ್ತಿದ್ರು. ಬಾಯಿ ಬರಲಿಲ್ಲ," ಎನ್ನುತ್ತಾರೆ. ತಮ್ಮ ಫೋನನ್ನೇ ಅವರ ಕೈಗಿಟ್ಟು ಮೂರು ತಿಂಗಳು ಬರಿಗೈಯಲ್ಲಿದ್ದರು. ಆ ಮೂರು ತಿಂಗಳು, ಫೋನಿಲ್ಲದೆ ನಿಜವಾಗಿ ಕೆಲಸ ಕೆಟ್ಟಾಗಲೆಲ್ಲ ಗೋಡೆಯ ಮೇಲೆ ಒಂದು ಗೀಟು ಎಳೆದರು. ಕೊನೆಗೆ ಎಣಿಸಿದರೆ ಹನ್ನೊಂದು ಗೀಟು.

"ನೂರಾದ್ರೂ ಇರುತ್ತೆ ಅಂದ್ಕೊಂಡಿದ್ದೆ. ಬೇಕು ಅನ್ಸಿದ್ದು ದಿನಾ ನೂರು ಸಲ. ಕೆಲಸ ಕೆಟ್ಟಿದ್ದು ಹನ್ನೊಂದೇ ಸಲ."

ಅಂದಿನಿಂದ ಎರಡು ರೂಢಿ ಬಂದವು. ಫೋನು ಬಿಚ್ಚುವ ಮೊದಲು ಕಾಗದದ ಮೇಲೆ ಅದರ ಚಿತ್ರ ಬರೆದು, ತೆಗೆದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲೇ ಅಂಟಿಸುವುದು ಒಂದು. ಹೊಸದು ಬೇಕೆಂದು ಬಂದವರಿಗೆ ಎಂಟು ದಿನದ ಚೀಟಿ ಕೊಡುವುದು ಇನ್ನೊಂದು. ಫೋನು ಕೈಕೊಟ್ಟಾಗಲೆಲ್ಲ ಗೀಟು ಎಳೆದು ಪಕ್ಕದಲ್ಲಿ ಹೊತ್ತು ಬರೆಯಬೇಕು. ಮೇಜಿನ ಖಾನೆಯಲ್ಲಿ ಇಂಥವು ಮುನ್ನೂರಕ್ಕೂ ಹೆಚ್ಚಿವೆ. ಅವುಗಳನ್ನು ನೋಡಿ ಅರವತ್ತು ಜನಕ್ಕೆ "ಹೊಸದು ತಗೊಳ್ಳಿ" ಎಂದು ಇವರೇ ಹೇಳಿ ಕಳಿಸಿದ್ದಾರೆ. ಚಂದಾ ಫೋನಿನ ಮೇಲೆ ಹಗೆಯೇನಿಲ್ಲ. ಊರೂರು ಅಲೆದು ತಕ್ಕಡಿ ಯಂತ್ರ ರಿಪೇರಿ ಮಾಡುವ ಮಗಳಿಗೆ ಇವರೇ ಚಂದಾ ಮಾಡಿಸಿದ್ದಾರೆ. "ಅವಳು ವರ್ಷಕ್ಕೆರಡು ಬೀಳಿಸ್ತಾಳೆ. ಜೊತೆಗೆ ಅವಳ ಕೆಲಸಕ್ಕೆ ಹೊಸದೇ ಬೇಕು. ಅಮ್ಮ ರಿಪೇರಿಯವಳು ಅಂತ ಮಗಳು ಯಾಕೆ ಒದ್ದಾಡ್ಬೇಕು?"

ದೋಣಿಯವನ ಚೀಟಿಯಲ್ಲಿ ಆರು ಗೀಟುಗಳಿವೆ. ಆರೂ ಬೆಳಗಿನ ಎಂಟು ಗಂಟೆಯ ಒಳಗಿನವು.

"ಎಲ್ಲಿದ್ದೆ ಆಗ?"

"ಹೊಳೆ ನಡುವೆ. ದಡಕ್ಕೆ ಬಂದು ಸ್ವಲ್ಪ ಹೊತ್ತಾದ್ರೆ ತಾನೇ ಸರಿಹೋಗುತ್ತೆ. ಇದಕ್ಕೆ ನೀರಂದ್ರೆ ಹೆದರಿಕೆ ಏನೋ!"

ಸೂಜಿಯಕ್ಕ ಎದ್ದು ಶಾಲು ಹೊದೆಯುತ್ತಾರೆ. "ನಡಿ, ನೋಡಿ ಬರೋಣ."

ದೋಣಿ ಮಂಜಿನೊಳಗೆ ಜಾರುತ್ತದೆ. ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ಹಿಂದಿನ ದಡವೂ ಇಲ್ಲ, ಮುಂದಿನದೂ ಇಲ್ಲ. ನೀರು ಯಾವುದು, ಗಾಳಿ ಯಾವುದು ಎಂದು ತಿಳಿಯದ ಬಿಳುಪಿನಲ್ಲಿ ಹುಟ್ಟಿನ ಸದ್ದೊಂದೇ ಎಚ್ಚರವಾಗಿದೆ. ದೋಣಿಯ ಮೂತಿಯ ಮೊಳೆಯಲ್ಲಿ, ಒದ್ದೆಯಾಗದಿರಲೆಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ತೂಗುಹಾಕಿದ ಫೋನು ತಣ್ಣನೆಯ ಗಾಳಿಗೆ ತೂಗಾಡುತ್ತದೆ. ಬ್ಯಾಟರಿ ನಲವತ್ತು ತೋರಿಸುತ್ತಿದೆ. ಹೊಳೆಯ ನಡುವೆ ಬರುತ್ತಲೇ ಪರದೆ ಒಮ್ಮೆ ಮಿನುಗಿ ಕಪ್ಪಾಗುತ್ತದೆ.

"ದಿನಾ ಇಲ್ಲೇ ತೂಗುಹಾಕ್ತೀಯಾ?"

"ಮತ್ತೆ? ಕೈಗೆ ಸಿಗ್ಬೇಕಲ್ಲ."

"ಅಯ್ಯೋ ಪುಣ್ಯಾತ್ಮ! ಮುದಿ ಬ್ಯಾಟರಿ ಕಣೋ ಇದು. ಚಳಿಗೆ ಮರಗಟ್ಟುತ್ತೆ. ನೀನು ಕಂಬಳಿ ಹೊದ್ದು ಕೂತು, ಇದನ್ನ ಗಾಳಿಗೆ ನೇತುಹಾಕಿದ್ದೀಯಲ್ಲ!"

ಒಂಬತ್ತು ಗಂಟೆಗೆ ಫೋನು ಮೇಜಿನ ಮೇಲೆ ತೆರೆದುಕೊಂಡಿದೆ, ಪಕ್ಕದ ಕಾಗದದ ಮೇಲೆ ಹದಿನಾಲ್ಕು ಸ್ಕ್ರೂಗಳು ನಕ್ಷತ್ರಗಳಂತೆ ತಮ್ಮ ತಮ್ಮ ಜಾಗದಲ್ಲಿವೆ. ಹೊಸ ಬ್ಯಾಟರಿ ಕೂರಿಸುತ್ತ ಸೂಜಿಯಕ್ಕ ತಲೆಯೆತ್ತದೆ ಹೇಳುತ್ತಾರೆ: "ಉಳಿದದ್ದೆಲ್ಲ ಗಟ್ಟಿಯಾಗಿದೆ. ಇನ್ನು ಅಂಗಿಯ ಒಳಜೇಬಲ್ಲಿಡು. ಆದ್ರೆ ನಾಳೆ ಬೆಳಗ್ಗೆ ನೀನೊಬ್ಬನೇ ಹೋಗ್ಬೇಡ, ನಾನೂ ಬರ್ತೀನಿ. ಮತ್ತೆ ಆರಿಹೋದ್ರೆ ಆ ಚಂದಾಕ್ಕೆ ನಾನೇ ನಿನ್ನ ಸೇರಿಸ್ತೀನಿ. ಆ ತಾಯಿ ಇನ್ನೊಂದ್ಸಲ ಅಲ್ಲಿ ನಿಲ್ಲಬಾರದು."

ಹತ್ತಕ್ಕೆ ವ್ಯಾನು ಬರುತ್ತದೆ. ದೋಣಿಯವನು ಒಳಜೇಬಿನ ಮೇಲೆ ಅಂಗೈಯಿಟ್ಟುಕೊಂಡು, "ಇವತ್ತು ಬೇಡ," ಎನ್ನುತ್ತಾನೆ.

ಮರುದಿನ ಅದೇ ಮಂಜು. ಹೊಳೆಯ ನಡುವೆ, ಎರಡೂ ದಡಗಳು ಕಾಣದಲ್ಲಿ, ದೋಣಿಯವನ ಎದೆಯೊಳಗಿಂದ ಎಂಬಂತೆ ಫೋನು ಹಾಡತೊಡಗುತ್ತದೆ. ಆಚೆ ದಡದ ಮುದುಕಿಯೊಬ್ಬಳ ದನಿ: "ಬರ್ತೀಯೇನಪ್ಪಾ?"

"ಅರ್ಧ ದಾರೀಲಿದ್ದೀನಜ್ಜಿ, ಬಂದೆ!"

ಅವನು ಹುಟ್ಟು ಎಳೆಯುವ ರಭಸಕ್ಕೆ ಸೂಜಿಯಕ್ಕನ ಶಾಲಿಗೆ ನೀರು ಸಿಡಿಯುತ್ತದೆ. ಅವರು ಒರೆಸಿಕೊಳ್ಳುವುದಿಲ್ಲ. ನಿಮಗೆ ಆಸೆ ಏನಾದರೂ ಇದೆಯೇ ಎಂದು ಜೊತೆಗೆ ಕೂತ ನಾನು ಕೇಳಿದರೆ, ದೋಣಿಯವನ ಒಳಜೇಬಿನತ್ತ ಕೈತೋರುತ್ತಾರೆ.

"ಇದೂ ಒಂದಿನ ದಣಿಯುತ್ತೆ. ಅವತ್ತು ಇನ್ನು ಸಾಕು, ಹೊಸದು ತಗೊ ಅಂತ ನಾನೇ ಹೇಳ್ಬೇಕು. ಅಷ್ಟರ ತನಕ ನನ್ನ ಕಣ್ಣು ಚೆನ್ನಾಗಿದ್ರೆ ಸಾಕು." ಆಮೇಲೆ ಶಾಲಿನೊಳಗಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ಬಿಡಿಸುತ್ತಾರೆ. ಅದು ನಿನ್ನೆಯ ಫೋನಿನ ಚಿತ್ರ. ಹದಿನಾಲ್ಕು ಚುಕ್ಕಿ, ಹದಿನಾಲ್ಕೂ ಖಾಲಿ.

"ನೋಡಿ, ಒಂದು ಸ್ಕ್ರೂವೂ ಹೊರಗೆ ಉಳಿದಿಲ್ಲ."