ರಾಂಪುರದ ಚಪ್ಪರದಲ್ಲಿ ನಿಂತುಹೋದ ಹಾಡು

ನೀವು ಸಮುದ್ರ ನೋಡಿದ್ದೀರಾ? ನೋಡಿರುತ್ತೀರಿ ಬಿಡಿ. ನೆರಿಗೆ ಎತ್ತಿ ಹಿಡಿದು ಕಾಲು ಒದ್ದೆ ಮಾಡಿಕೊಂಡು, ಫೋಟೊ ತೆಗೆಸಿಕೊಂಡು, ಚುರುಮುರಿ ತಿಂದು ವಾಪಸ್ಸು ಬಂದಿರುತ್ತೀರಿ. ಅದರ ಮೇಲೆ ಎದ್ದು ನಿಂತಿದ್ದೀರಾ? ಇಲ್ಲ ತಾನೆ? ಹಾಗಾದರೆ ನನ್ನ ಮೊಮ್ಮಗಳ ವಿಷಯಕ್ಕೆ ಸ್ವಲ್ಪ ನಾಲಿಗೆ ಬಿಗಿ ಹಿಡಿದು ಮಾತಾಡಿ.

ಈ ಮಾತು ನಿಮಗಲ್ಲ, ನಮ್ಮ ನೆಂಟರಿಗೆ. ಎದುರಿಗೆ ಹೇಳಿದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಫೋನಿನಲ್ಲಿ ಬರೆದರೆ ಓದಿಯೇ ಓದುತ್ತಾರೆ. ಅದಕ್ಕೇ ಈ ವಯಸ್ಸಿನಲ್ಲಿ ಒಂದೇ ಬೆರಳಲ್ಲಿ ಕುಟ್ಟುವುದನ್ನು ಕಲಿತೆ.

ನನ್ನ ಮಗ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಮಂಗಳೂರು ಕಡೆಗೆ ಲಾರಿ ಓಡಿಸುತ್ತಿದ್ದ. ಒಂದು ಬೇಸಿಗೆ ರಜೆಯಲ್ಲಿ ಮಗಳನ್ನೂ ಕೂರಿಸಿಕೊಂಡು ಹೋದ. ಅಲ್ಲಿ ಮೀನುಗಾರರ ಮಕ್ಕಳು ಹಲಗೆ ಹಿಡಿದು ಅಲೆಯ ಮೇಲೆ ಜಾರುವುದನ್ನು ನೋಡಿ ಇವಳೂ ಹತ್ತಿದಳಂತೆ. ಹತ್ತಿದ ದಿನವೇ ನಿಂತಳಂತೆ. ಹೇಳಿಕೊಟ್ಟವರಿಗೆ ಆಶ್ಚರ್ಯ. ಆಶ್ಚರ್ಯ ಯಾಕೆ? ಬಿ.ಜಿ. ಕೆರೆಯ ನಮ್ಮ ಹೊಲದಲ್ಲಿ ಶೇಂಗಾ ಬಿತ್ತಿದ ಮೇಲೆ ಸಾಲು ಮುಚ್ಚಲು ಎತ್ತಿನ ಹಿಂದೆ ಮರದ ಹಲಗೆ ಎಳೆಸುತ್ತೇವೆ. ಹಲಗೆಗೆ ಭಾರ ಬೇಕಲ್ಲ, ಅದರ ಮೇಲೆ ಇವಳನ್ನು ನಿಲ್ಲಿಸುತ್ತಿದ್ದೆವು. ಹೆಂಟೆಗಳ ಮೇಲೆ ಕುಲುಕಾಡುವ ಹಲಗೆಯಲ್ಲಿ ಹಗ್ಗ ಹಿಡಿಯದೆ ನಿಂತವಳಿಗೆ ನೀರು ಯಾವ ಲೆಕ್ಕ? ಆಮೇಲೆ ಅವಳು ಅಲ್ಲೇ ಕಾಲೇಜು ಸೇರಿದಳು, ಪಂದ್ಯಗಳಿಗೆ ಹೋದಳು, ಪದಕ ತಂದಳು. ಪೇಪರಿನವರು ಬಂದು ಗುರುಗಳ ಹೆಸರು ಕೇಳಿದರು, ಊಟದಲ್ಲಿ ಏನು ತಿನ್ನುತ್ತೀಯ ಎಂದು ಕೇಳಿದರು. ನಮ್ಮ ಎತ್ತುಗಳ ಬಗ್ಗೆ ಒಬ್ಬರಾದರೂ ಕೇಳಿದರಾ?

ಆಗ ನಮ್ಮ ನೆಂಟರು ಏನನ್ನುತ್ತಿದ್ದರು ಗೊತ್ತಾ? "ನೀರಾಗೆ ಬಿದ್ದು ಏಳೋದೂ ಒಂದು ಕೆಲ್ಸಾನಾ? ಎಮ್ಮೆನೂ ಮಾಡ್ತೈತೆ." ಇದು ನನ್ನ ತಮ್ಮನ ಮಾತು.

ಒಂದು ಸಲ ದೊಡ್ಡ ಅಲೆ ಅವಳನ್ನು ಎತ್ತಿ ಒಗೆದು ಬಲ ಭುಜ ಕಳಚಿತು. ಕೂಡಿಸಿದರು, ಮತ್ತೆ ಕಳಚಿತು. ಇನ್ನು ಸಮುದ್ರ ಬೇಡ ಎಂದರು ಡಾಕ್ಟರು. ತೋಳು ಕಟ್ಟಿಕೊಂಡು ಕೂತಿದ್ದಾಗ ರೂಮಿನಲ್ಲಿ ಯಾರೋ ಬಿಟ್ಟುಹೋದ ಗಿಟಾರು ಕೈಗೆ ಸಿಕ್ಕಿತು. ತೋಳು ಬೀಸಿ ಬಾರಿಸುವಂತಿಲ್ಲ, ಬೆರಳ ತುದಿಯಷ್ಟೇ ಆಡುತ್ತಿತ್ತು. ಅದಕ್ಕೇ ಇವತ್ತಿಗೂ ಅವಳ ಗಿಟಾರು ಅಕ್ಕಿ ಆರಿಸುವ ಸದ್ದಿನಷ್ಟು ಮೆಲ್ಲಗೆ. ತಾನೇ ಪದ ಕಟ್ಟಿದಳು. ಕಡಲ ದಂಡೆಯ ಹೋಟೆಲಿನಲ್ಲಿ ಸಂಜೆ ಹೊತ್ತು ಹಾಡಿದಳು, ಆಮೇಲೆ ಬೇರೆ ಊರುಗಳವರು ಕರೆದರು. ಈಗ ಅದೇ ಅವಳ ಅನ್ನ.

ಅದೇ ತಮ್ಮ ಈಗ ಏನನ್ನುತ್ತಾನೆ? "ಅಯ್ಯೋ, ಆ ನೀರಿನ ಆಟ ಎಷ್ಟು ಚೆನ್ನಾಗಿತ್ತು! ಬಿಟ್ಟು ಇದ್ಯಾಕೆ ಹಿಡಿದ್ಲು?" ಎಮ್ಮೆ ಎಲ್ಲಿ ಹೋಯಿತಪ್ಪ ಎಂದು ಕೇಳಿದೆ. ಕೇಳಿಸದವನ ಹಾಗೆ ಎಲೆಗೆ ಸುಣ್ಣ ಹಚ್ಚಿದ.

ಆ ತಮ್ಮನ ಮೊಮ್ಮಗಳ ಮದುವೆ ಈ ವರ್ಷ ರಾಂಪುರದಲ್ಲಾಯಿತು. ಗಂಡಿನ ಮನೆ ಅಲ್ಲೇ. ಹಿಂದಿನ ದಿನ ಸಂಜೆ ಚಪ್ಪರದಲ್ಲಿ ನೀನೇ ಹಾಡಬೇಕು ಎಂದು ಮದುಮಗಳು ನನ್ನ ಮೊಮ್ಮಗಳ ಕೈ ಹಿಡಿದಿದ್ದಳು. ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗುವಾಗ ಇವಳು ಗಿಟಾರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ನೋಡುತ್ತಲೇ ಹೇಳಿದಳು:

"ಅಜ್ಜಿ, ಎಲ್ಲೆಲ್ಲೋ ಹಾಡಿದೀನಿ. ನಮ್ಮೋರ ಮುಂದೆ ಒಂದಿನಾನೂ ಹಾಡಿಲ್ಲ. ಇವತ್ತು ಇವರು ಕೇಳಲಿಲ್ಲ ಅಂದ್ರೆ ಮುಗೀತು. ಇನ್ನು ಈ ಕಡೆ ಗಿಟಾರು ತರಲ್ಲ."

"ಕೇಳದೆ ಏನ್ಮಾಡ್ತಾರೆ? ಕಿವಿ ಮನೇಲಿ ಬಿಟ್ಟು ಬರ್ತಾರಾ?" ಎಂದೆ.

ಚಪ್ಪರದಲ್ಲಿ ಜಮಖಾನ ಹಾಸಿ ಹೆಂಗಸರೆಲ್ಲ ಕೂತಿದ್ದರು. ನಡುವೆ ಗಂಡಿನ ಅಜ್ಜಿ, ನಮಗೆ ಬೀಗಿತ್ತಿ. ಆಂಧ್ರದ ಗಡಿಯ ಊರಲ್ಲವೆ, ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಗಂಟಲು ಮಾತ್ರ ಪೂರ್ತಿ. ಆ ಸುತ್ತಿನ ಮದುವೆಗಳಲ್ಲೆಲ್ಲ ಸೋಬಾನೆಗೆ ಮುಂದಾಳು ಅವರೇ. ನನ್ನ ಮೊಮ್ಮಗಳು ಕೂತು, ಕಣ್ಣು ಮುಚ್ಚಿ, ಒಂದು ಸಾಲು ಹಾಡಿದಳು:

"ಊರಲ್ಲಿ ಮಳೆಯಿಲ್ಲ, ಉಪ್ಪಲ್ಲಿ ನಾ ನೆನೆದೆ..."

ಹಾಡಿ ನಿಲ್ಲಿಸಿದಳು. ಆ ಸಂದಿನಲ್ಲಿ ಗಿಟಾರು ಮಾತಾಡಬೇಕು, ಅದು ಅವಳ ಪದ್ಧತಿ. ಆದರೆ ನಮ್ಮ ಕಡೆ ಒಬ್ಬಳು ಸಾಲು ಹೇಳಿ ನಿಲ್ಲಿಸಿದಳು ಅಂದರೆ ಅದನ್ನು ಉಳಿದವರು ಎತ್ತಿಕೊಳ್ಳಬೇಕು. ಹಾಡುವವಳನ್ನು ಒಂಟಿ ಬಿಡುವುದು ಅವಮಾನ. ಬೀಗಿತ್ತಿ ಎತ್ತಿಯೇಬಿಟ್ಟರು. "ಉಪ್ಪಲ್ಲೀ ನಾ ನೆನೆದೇ..." ಚಪ್ಪರದ ತುಂಬ ಹೆಂಗಸರು ಅವರ ಹಿಂದೆ, ತಮ್ಮದೇ ರಾಗದಲ್ಲಿ, ಕೊನೆಗೊಂದು ಸೋ ಸೇರಿಸಿ! ಗಿಟಾರು ಎಲ್ಲಿ ಮುಳುಗಿತೋ. ಇವಳು ಎರಡನೇ ಸಾಲು ಹಿಡಿದಳು. ಅದನ್ನೂ ಎತ್ತಿಕೊಂಡರು. ಅವಳ ಮುಖ ಕೆಂಪಗಾಯಿತು.

"ದಯವಿಟ್ಟು ಸ್ವಲ್ಪ ಸುಮ್ನೆ ಕೂತು ಕೇಳ್ತೀರಾ?"

ಬೀಗಿತ್ತಿ ಸೆರಗು ಸರಿ ಮಾಡಿಕೊಂಡರು. "ಏಮ್ಮಾ, ಸುಮ್ನೆ ಕೂತು ಕೇಳಾಕೆ ನಾವೇನು ಹಾರ ಹಾಕಿಸ್ಕಂಡು ಗ್ವಾಡೆ ಮ್ಯಾಲೆ ಇರೋರಾ?"

ಎಲ್ಲರೂ ನಕ್ಕರು. ನನ್ನ ತಮ್ಮ ದೂರದಿಂದ, "ಹೋಗ್ಲಿ ಬಿಡ್ರಿ, ಒಂದು ಸಿನಿಮಾ ಹಾಡು ಹಾಕ್ರಪ್ಪ," ಎಂದ. ತೆಂಗಿನ ಮರದಷ್ಟು ಎತ್ತರದ ಸ್ಪೀಕರು ಡಬ್ಬಿಗಳು ಕುಣಿಯತೊಡಗಿದವು. ಮೊಮ್ಮಗಳು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯುವುದು ಎಂದೇ ತಿಳಿಯಲಿಲ್ಲ. ಮೊದಲು ಮೊಮ್ಮಗಳ ಮೇಲೆ ಹೋದೆ. ಅವಳು ಹಿತ್ತಲಲ್ಲಿ ನೀರಿನ ಡ್ರಮ್ಮಿನ ಪಕ್ಕ ಕೂತಿದ್ದಳು.

"ಅವರು ಮರ್ಯಾದೆ ಕೊಟ್ಟಿದ್ದು ಕಣೇ. ಬಾಯಿ ಮುಚ್ಚು ಅಂದ್ಬಿಟ್ಟೆಯಲ್ಲ?"

"ಮರ್ಯಾದೆನಾ? ನನ್ನ ಪದ ಯಾರಿಗೆ ಕೇಳಿಸ್ತು ಅಜ್ಜಿ? ಅವರ ಗಂಟಲು ಅವರಿಗೆ ಕೇಳಿಸ್ತು, ಅಷ್ಟೆ. ನಾಳೆ ಧಾರೆ ಮುಗಿದ ತಕ್ಷಣ ಬಸ್ಸು ಹತ್ತುತೀನಿ. ಬಸ್ಸಲ್ಲಿ ಹೇಳಿದ್ದು ನೆನಪೈತಾ?"

ನೆನಪಿತ್ತು. ಸಿಟ್ಟು ಈಗ ಬೀಗಿತ್ತಿಯ ಕಡೆ ತಿರುಗಿತು. ನೆಟ್ಟಗೆ ಅಡುಗೆ ಕಡೆಗೆ ನಡೆದೆ. ಬೀಗಿತ್ತಿ ಹೋಳಿಗೆಗೆ ಹೂರಣದ ಉಂಡೆ ಕಟ್ಟುತ್ತ ಕೂತಿದ್ದರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಹೀಗೆಲ್ಲ ಎದುರು ನಿಲ್ಲಬಾರದು, ನನಗೂ ಗೊತ್ತು. ನಿಂತೆ.

"ಏನ್ರಿ ಬೀಗ್ರೇ, ನಿಮಗೆ ಗಂಟಲಿದ್ರೆ ನಿಮ್ಮ ಮನೇಲಿ ಇಟ್ಕಳ್ರಿ! ಆ ಹುಡುಗಿ ಭುಜ ಮುರ್ಕಂಡು, ಸಮುದ್ರ ಬಿಟ್ಟು, ಒಂದೊಂದೇ ಅಕ್ಷರ ಜೋಡಿಸಿ ಕಟ್ಟಿದ ಪದ ಅದು. ನಿಮ್ಮಲ್ಲಿ ಒಬ್ಬರಾದ್ರೂ ಅದೇನಂತ ಕೇಳಿದ್ರಾ?"

ಸುತ್ತಲಿನ ಹೆಂಗಸರ ಕೈ ನಿಂತಿತು. ಬೀಗಿತ್ತಿ ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಎಸೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ ಗದರಿದರು:

"ಕೇಳ್ದೆ ಏನ್ರಿ? ಮಳೆ ಇಲ್ದ ಊರಿನಾಕಿ ಉಪ್ಪಾಗೆ ನೆನೆದ್ಲು, ಎರಡನೇ ಸಾಲಿಗೆ ಅಪ್ಪನ ಲಾರಿ ದೂಳು ಮೈಯಿಂದ ತೊಳೆದು ಹೋತು ಅಂತ ಅತ್ಲು. ಆಮ್ಯಾಲೆ ಏನಾದ್ಲು ಆಕಿ? ಅರ್ಧಕ್ಕೆ ಬಿಟ್ಟು ಎದ್ದು ಹೋದೋಳು ನಿಮ್ಮ ಮೊಮ್ಮಗಳು, ಜಗಳಕ್ಕೆ ಬಂದಿರೋದು ನನ್ ಮ್ಯಾಲೆ! ಹೋಗಿ ಕರ್ಕಂಡು ಬರ್ರಿ ಮೊದ್ಲು, ಮೂರನೇ ಸಾಲು ಹೇಳೋಗಂಟ ನಾನು ಒಂದು ಹೋಳಿಗೆನೂ ತಟ್ಟಲ್ಲ!"